ಹೊಸ ಎಂಜಿನ್ನಿಗೆ ಜೋಗುಳ ಹಾಡಬೇಡಿ!

ನಮ್ಮ ದರೋಜಿ ಕಡೆ ಬೈಕಿಗೋ ಟ್ರ್ಯಾಕ್ಟರಿಗೋ ಬೋರ್ ಮಾಡಿಸಿ ಹೊರಗೆ ತಂದರೆ ಸಾಕು, ಸಿಕ್ಕವರೆಲ್ಲ ಹೇಳೋದು ಒಂದೇ ಮಾತು: "ಸ್ವಲ್ಪ ದಿನ ಮೆಲ್ಲಕ ಹೊಡಿಯಪಾ, ರೇಸ್ ಕೊಡಬ್ಯಾಡ." ಬೆಂಗಳೂರಿನ ನನ್ನ ಆಫೀಸಿನ ಬುಲೆಟ್ ಭಕ್ತರದ್ದೂ ಅದೇ ಮಂತ್ರ. ಇರಲಿ, ರಸ್ತೆಯಲ್ಲಿ ಎಂಜಿನ್ ಕೈಕೊಟ್ಟರೆ ಪಕ್ಕಕ್ಕೆ ನಿಲ್ಲಿಸಿದರಾಯ್ತು. ಆದರೆ ಮನೆಯಲ್ಲೇ ಜೋಡಿಸಿದ ವಿಮಾನಕ್ಕೂ ಇದೇ ಮಂತ್ರ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ!

"ಮನೆಯಲ್ಲಿ ವಿಮಾನಾನಾ?" ಅಂತ ನಗಬೇಡಿ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್‌ನವರ ಎಕ್ಸ್-ಏರ್, ಕಿಟ್ ಆಗಿ ಬ್ರಿಟನ್ನಿಗೆ ಹೋಗಿ ಹವ್ಯಾಸಿಗಳ ಕೈಯಲ್ಲಿ ಜೋಡಣೆಯಾಗಿ ಹಾರಿದೆ. ಮುಂಬೈನ ಪೈಲಟ್ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ ವಿಮಾನಕ್ಕೆ 2017ರಲ್ಲಿ ನೋಂದಣಿಯಾಗಿ, 2019ರಲ್ಲಿ ಹಾರಾಟದ ಅನುಮತಿಯೂ ಸಿಕ್ಕಿತು.

ಈಗ ವಿಷಯಕ್ಕೆ ಬರೋಣ. ಓವರ್‌ಹಾಲ್ ಮಾಡುವಾಗ ಸಿಲಿಂಡರಿನ ಒಳಗೋಡೆಗೆ ಹೋನಿಂಗ್ ಮಾಡಿ ಸಣ್ಣ ಸಣ್ಣ ಗೀರು ಬಿಡುತ್ತಾರೆ. ಹೊಸ ರಿಂಗುಗಳು ಆ ಗೀರುಗಳ ತುದಿ ಸವೆಸಿ ಗೋಡೆಗೆ ಸರಿಯಾಗಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತೋದು ಯಾರು? ಉರಿಯುವ ಅನಿಲ ಸ್ವಾಮಿ! ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಥ್ರಾಟಲ್ ಇಳಿಸಿ ಮುದ್ದು ಮಾಡಿದರೆ ಆ ಒತ್ತಡ ಸಾಲದು. ಗೋಡೆಯ ಮೇಲೆ ಉಳಿದ ಆಯಿಲ್, ಕಾವಲಿಗೆ ಜಿಡ್ಡು ಕಟ್ಟಿದ ಹಾಗೆ, ಸುಟ್ಟು ನುಣ್ಣಗೆ ಅಂಟಿಕೊಳ್ಳುತ್ತೆ. ಇದೇ ಗ್ಲೇಜಿಂಗ್. ಆಮೇಲೆ ರಿಂಗ್ ಕೂರೋದಿಲ್ಲ, ಎಂಜಿನ್ ಆಯಿಲ್ ಕುಡಿಯೋದು ನಿಲ್ಲೋದಿಲ್ಲ. ಸಿಲಿಂಡರ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸಬೇಕು. ಇರೋದು ಒಂದೇ ಎಂಜಿನ್, ಮೇಲೆ ಹೋದಾಗ ಆಯಿಲ್ ಖಾಲಿಯಾದರೆ?

ಲೈಕಮಿಂಗ್ ಕಂಪನಿಯೇ ಹೇಳುತ್ತೆ: ಮೊದಲ ಗಂಟೆ ಶೇ. 75 ಶಕ್ತಿಯಲ್ಲಿ ಹಾರಿಸಿ, ಎರಡನೇ ಗಂಟೆ ಶೇ. 65 ಮತ್ತು 75ರ ನಡುವೆ ಬದಲಾಯಿಸುತ್ತಿರಿ. ಟರ್ಬೋ ಇಲ್ಲದ ಸಾಮಾನ್ಯ ಎಂಜಿನ್ನಿಗೆ 50 ಗಂಟೆ, ಅಥವಾ ಆಯಿಲ್ ಖರ್ಚು ಒಂದು ಮಟ್ಟಕ್ಕೆ ನಿಲ್ಲುವ ತನಕ, ಸಾದಾ ಮಿನರಲ್ ಆಯಿಲ್.

"ಜೀವದ ಪ್ರಶ್ನೆ ರೀ, ನೆಲದ ಮೇಲೇ ಒಂದೆರಡು ಗಂಟೆ ಓಡಿಸಿ ನೋಡಿದರೆ ತಪ್ಪೇನು?" ತಪ್ಪೇ! ಇವು ಗಾಳಿಯಿಂದ ತಣಿಯುವ ಎಂಜಿನ್‌ಗಳು. ನಿಂತಲ್ಲೇ ನಿಂತರೆ ಸಿಲಿಂಡರಿಗೆ ಬೇಕಾದಷ್ಟು ಗಾಳಿ ಸಿಗೋದಿಲ್ಲ. ದರೋಜಿಯ ಏಪ್ರಿಲ್ ಮಧ್ಯಾಹ್ನ ಕರಡಿಗಳೇ ಬಂಡೆಯ ನೆರಳು ಬಿಟ್ಟು ಬರೋದಿಲ್ಲ, ಆ ಬಿಸಿಲಲ್ಲಿ ಎಂಜಿನ್ ಬೇಯಿಸುತ್ತೀರಾ? ಸೋರಿಕೆ, ಆಯಿಲ್ ಒತ್ತಡ, ಪೂರ್ತಿ ಥ್ರಾಟಲ್... ಬೇಗ ಬೇಗ ನೋಡಿ ಆಫ್ ಮಾಡಿ. ಆಮೇಲೆ ಸಿಲಿಂಡರ್ ತಾಪದ ಮೇಲೆ ಕಣ್ಣಿಟ್ಟು, ರನ್‌ವೇ ಮೇಲೇ ಎತ್ತರದಲ್ಲಿ ಸುತ್ತುತ್ತ ದುಡಿಸಿ.

ಭಯ ಸಹಜ, ಒಪ್ಪುತ್ತೇನೆ. ವಿಮಾನವೂ ಹೊಸದು, ಎಂಜಿನ್ನೂ ಆಗಷ್ಟೇ ಬಿಚ್ಚಿ ಜೋಡಿಸಿದ್ದು ಅಂದರೆ ಭಯ ಇರಲೇಬೇಕು. ಅದಕ್ಕೇ, ಸಾಧ್ಯವಿದ್ದರೆ, ತಣಿಸುವ ವ್ಯವಸ್ಥೆ ಇರುವ ಟೆಸ್ಟ್ ಸ್ಟ್ಯಾಂಡಿನಲ್ಲಿ ಮೊದಲು ರಿಂಗ್ ಕೂರಿಸಿ ತನ್ನಿ. ಎರಡು ಪರೀಕ್ಷೆ ಒಂದೇ ದಿನ ಬೇಡ. ಹಾಂ, ರೋಟಾಕ್ಸ್ 582ರಂಥ ಟೂ-ಸ್ಟ್ರೋಕ್ ಕಥೆ ಬೇರೆ, ಅದಕ್ಕೆ ತಯಾರಕರೇ ಬೇರೆ ಕ್ರಮ ಕೊಟ್ಟಿದ್ದಾರೆ. ಕೈಪಿಡಿ ಓದಿ. ಪಕ್ಕದ ಮನೆಯವರನ್ನು ಕೇಳಬೇಡಿ!

ಏನಂತೀರಿ? 'ಮೆಲ್ಲಕ ಹೊಡಿ' ಪಕ್ಷದವರು ಬನ್ನಿ, ಜಗಳ ಆಡೋಣ :-)