ತಲೆಗೆ ಪೆಟ್ಟಾದವರನ್ನು ಮಲಗಲು ಬಿಡಬಾರದೇ?

"ತಲೆಗೆ ಪೆಟ್ಟಾದವರನ್ನು ರಾತ್ರಿಯೆಲ್ಲ ಮಲಗಲು ಬಿಡಬೇಡಿ, ಮಲಗಿದರೆ ಕೋಮಾಕ್ಕೆ ಹೋಗುತ್ತಾರೆ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

2025ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ವ್ಯಾನ್ ಡಿಕ್ಕಿ ಹೊಡೆದು ಐವರು ಸತ್ತರು. ಅದು ಸುದ್ದಿಯಾಯಿತು. ಇಂಥ ರಸ್ತೆಗಳಲ್ಲೇ ಬೈಕಿನಿಂದ ಬಿದ್ದು, ಮೈ ಕೊಡವಿಕೊಂಡು "ಏನೂ ಆಗಿಲ್ಲ ಬಿಡ್ರಿ" ಎಂದು ಮನೆಗೆ ಹೋಗುವವರು ಸುದ್ದಿಯಾಗುವುದಿಲ್ಲ.

ಮಿದುಳು ತಲೆಬುರುಡೆಯೊಳಗಿನ ದ್ರವದಲ್ಲಿರುತ್ತದೆ. ತಲೆ ಜೋರಾಗಿ ಅಲುಗಿದರೆ ಅದೂ ಅಲುಗಿ, ನರಕೋಶಗಳ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಇದೇ ಕನ್ಕಶನ್. ರಕ್ತ ಬರಬೇಕೆಂದಿಲ್ಲ, ಪ್ರಜ್ಞೆ ತಪ್ಪಬೇಕೆಂದೂ ಇಲ್ಲ. ತಲೆನೋವು, ತಲೆಸುತ್ತು, ಮಂಕು, ಮರೆವು, ಸಿಡುಕು ಕಾಣಿಸಬಹುದು. ಸಿಟಿ ಸ್ಕ್ಯಾನ್ ಹುಡುಕುವುದು ರಕ್ತಸ್ರಾವ ಮತ್ತು ಮೂಳೆ ಮುರಿತವನ್ನು. ಕನ್ಕಶನ್ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. "ಸ್ಕ್ಯಾನ್ ನಾರ್ಮಲ್, ಸುಮ್ಮನೆ ನಾಟಕ" ಎನ್ನುವ ಮನೆಯವರು ಇದನ್ನು ಗಮನಿಸಬೇಕು.

ನಮ್ಮ ಕರ್ನಾಟಕದ ಮಯಂಕ್ ಅಗರ್ವಾಲ್‌ಗೆ 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್‌ನ ನೆಟ್ಸ್‌ನಲ್ಲಿ ಸಿರಾಜ್ ಎಸೆದ ಚೆಂಡು ಹೆಲ್ಮೆಟ್‌ಗೆ ಬಡಿಯಿತು. ಕನ್ಕಶನ್ ಲಕ್ಷಣ ಕಂಡದ್ದೇ ಅವರನ್ನು ಮೊದಲ ಟೆಸ್ಟ್‌ನಿಂದ ಕೈಬಿಟ್ಟರು. ಆರಂಭಿಕನಾಗಿ ಇಳಿದ ಕೆ.ಎಲ್. ರಾಹುಲ್ 84 ರನ್ ಹೊಡೆದರು. ಹೆಲ್ಮೆಟ್ ಇದ್ದರೂ ಹೀಗಾಗುತ್ತದೆ. (ಹಾಗಂತ ಹೆಲ್ಮೆಟ್ ಬಿಡಬೇಡಿ, ಬುರುಡೆ ಉಳಿಸುವುದು ಅದೇ.)

ಇನ್ನು ನಿದ್ದೆಯ ಮಾತು. ಪೆಟ್ಟಾದವರು ಸರಿಯಾಗಿ ಮಾತನಾಡುತ್ತಿದ್ದು, ಅಪಾಯದ ಲಕ್ಷಣ ಇಲ್ಲದಿದ್ದರೆ ಮಲಗಬಹುದು. ನಿದ್ದೆಯಿಂದ ಕೋಮಾ ಬರುವುದಿಲ್ಲ. ಒಳಗೆ ರಕ್ತ ಸೋರುತ್ತಿದ್ದರೆ ಮಂಪರು ಅದರ ಲಕ್ಷಣ, ಕಾರಣವಲ್ಲ. ಮೊದಲ ದಿನ ಜೊತೆಗೆ ಒಬ್ಬರು ಇರಲಿ.

ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ತೊದಲು ಮಾತು, ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಿರುವುದು, ಮೂಗು-ಕಿವಿಯಿಂದ ನೀರು ಅಥವಾ ರಕ್ತ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ವಯಸ್ಸಾದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಲಕ್ಷಣಕ್ಕೆ ಕಾಯದೆ ವೈದ್ಯರಿಗೆ ತೋರಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು.

ಒಂದೆರಡು ದಿನ ವಿಶ್ರಾಂತಿ, ಆಮೇಲೆ ನಿಧಾನವಾಗಿ ಓಡಾಟ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಬೇಡ. ದೊಡ್ಡವರಲ್ಲಿ ಹೆಚ್ಚಿನವರು ಸುಮಾರು ಎರಡು ವಾರದಲ್ಲಿ, ಮಕ್ಕಳು ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ಅಲ್ಲಿಯವರೆಗೆ ಮದ್ಯ ಬೇಡ. ಕಬಡ್ಡಿ, ಕ್ರಿಕೆಟ್‌ಗೆ ಮರಳುವುದು ವೈದ್ಯರು ಒಪ್ಪಿದ ಮೇಲೆ. ಮೊದಲ ಪೆಟ್ಟು ಮಾಗುವ ಮುನ್ನ ಬೀಳುವ ಎರಡನೇ ಪೆಟ್ಟು, ಸಣ್ಣದಾದರೂ, ಮಿದುಳಿಗೆ ಹೆಚ್ಚು ಹಾನಿ ಮಾಡಬಹುದು.