ತುಕ್ಕು ಹಿಡಿದ ಗಿಡುಗ

ಇಟಲಿಯ ಉತ್ತರಕ್ಕೆ, ಕೊಮೊ ಸರೋವರದ ದಂಡೆಯಲ್ಲಿ ಮಂಡೆಲ್ಲೊ ಎಂಬ ಪುಟ್ಟ ಊರಿದೆ. ಕಾರ್ಲೊ ಗುಟ್ಸಿ ಮತ್ತು ಜಾರ್ಜಿಯೊ ಪರೋದಿ 1921ರಲ್ಲಿ ಸ್ಥಾಪಿಸಿದ ‘ಮೋಟೊ ಗುಟ್ಸಿ’ ಕಂಪನಿಯ ಕಾರ್ಖಾನೆ ಇರುವುದು ಅಲ್ಲೇ. ಅವರ ಗೆಳೆಯ, ವೈಮಾನಿಕ ಜೊವಾನಿ ರಾವೆಲ್ಲಿ 1919ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಆ ಬೈಕುಗಳ ಮೇಲಿನ ರೆಕ್ಕೆ ಬಿಚ್ಚಿದ ಹದ್ದು ಅವನ ನೆನಪಿನದು.

ಈ ಕಂಪನಿ 1950ರಲ್ಲಿ ಹೊರತಂದ ಬೈಕು ‘ಫಾಲ್ಕೋನೆ’, ಅಂದರೆ ಗಿಡುಗ. ಅದಕ್ಕಿರುವುದು ಒಂದೇ ಸಿಲಿಂಡರು. ಅದೂ ನೆಟ್ಟಗೆ ನಿಂತಿಲ್ಲ, ಮುಂದಕ್ಕೆ ಮಲಗಿದೆ. ಅದರ ವ್ಯಾಸ 88 ಮಿ.ಮೀ., ಪಿಸ್ಟನ್ ಚಲಿಸುವ ದೂರ 82 ಮಿ.ಮೀ. ನಿಮ್ಮ ಗಣಿತ ಪುಸ್ತಕದ ಘನಫಲದ ಸೂತ್ರ ಹಚ್ಚಿ ನೋಡಿ. ಉತ್ತರ 500 ಘನ ಸೆಂ.ಮೀ.ಗೆ ತುಸುವೇ ಕಡಿಮೆ ಬರಬೇಕು.

ಎಡಬದಿಯಲ್ಲಿ, ಎಂಜಿನ್ನಿನ ಹೊರಗೇ ದೊಡ್ಡದೊಂದು ಗಾಲಿ ತಿರುಗುತ್ತದೆ. ಅದೇ ಫ್ಲೈವೀಲ್. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ನಾಲ್ಕು ಸ್ಟ್ರೋಕಿಗೆ ಒಂದು ಸಲ ಮಾತ್ರ ಶಕ್ತಿ ಹುಟ್ಟುತ್ತದೆ. ಉಳಿದ ಮೂರನ್ನು ದಾಟಿಸುವುದು ಈ ಗಾಲಿ ಕೂಡಿಟ್ಟ ಶಕ್ತಿ. ಅಷ್ಟೇ ತೂಕವನ್ನು ಕೇಂದ್ರದಿಂದ ಎರಡರಷ್ಟು ದೂರವಿಟ್ಟು ಅಷ್ಟೇ ಸುತ್ತು ತಿರುಗಿಸಿದರೆ ಅದು ನಾಲ್ಕರಷ್ಟು ಶಕ್ತಿ ಕೂಡಿಡುತ್ತದೆ. ಗಾಲಿ ಅಷ್ಟು ದೊಡ್ಡದಾಗಿರುವುದು ಅದಕ್ಕೇ.

ಇಂಥ ಬೈಕು ಯಾವುದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಸಿಕ್ಕಿತೆನ್ನಿ. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸ್ಪ್ಯಾನರ್ ಅಲ್ಲ, ನೋಟ್‌ಬುಕ್ಕು. ಯಾವ ವಾಷರು ಯಾವುದರ ಕೆಳಗಿತ್ತು ಎಂದು ಬರೆದು, ಚಿತ್ರ ಹಾಕಿ, ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಬೇಕು. ಪಿಸ್ಟನ್ ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯಬಾರದು. ತೆಳುವಾದ ಎಣ್ಣೆ ಹಾಕಿ ದಿನಗಟ್ಟಲೆ ಕಾಯಬೇಕು. ಕಬ್ಬಿಣದ ತುಕ್ಕು ತೆಗೆಯಲು ಬಟ್ಟೆಸೋಡದ ದ್ರಾವಣದಲ್ಲಿ ವಿದ್ಯುತ್ ಹರಿಸುವ ವಿಧಾನವಿದೆ. ಆದರೆ ಅದೇ ದ್ರಾವಣ ಅಲ್ಯೂಮಿನಿಯಮ್ ಭಾಗಗಳನ್ನು ತಿಂದುಹಾಕುತ್ತದೆ. ಲೋಹ ಯಾವುದೆಂದು ತಿಳಿಯದೆ ಅದ್ದಿದವನಿಗೆ ಮತ್ತೊಂದು ಅವಕಾಶ ಸಿಗುವುದಿಲ್ಲ.

ಇದು ನನಗೆ ಅರ್ಥವಾದದ್ದು ಬೈಕಿನಿಂದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಯೋಗಶಾಲೆಯ ಹಿತ್ತಾಳೆಯ ತೂಕದ ಬಟ್ಟುಗಳು ಕಪ್ಪಾಗಿದ್ದವು. ಇನ್‌ಸ್ಪೆಕ್ಟರು ಬರುತ್ತಾರೆಂದು ಉಪ್ಪುಕಾಗದದಿಂದ ಉಜ್ಜಿ ಫಳಫಳ ಹೊಳೆಯಿಸಿದೆ. ಮರುದಿನ ತೂಗಿ ನೋಡಿದರೆ ಒಂದೂ ಸರಿಯಾದ ತೂಕವಿರಲಿಲ್ಲ. ಉದುರಿದ ಹಿತ್ತಾಳೆಯ ಪುಡಿಯನ್ನು ಮತ್ತೆ ಅಂಟಿಸಲು ಬರುತ್ತದೆಯೇ? ನೋಡಲು ಚೆನ್ನಾಗಿದ್ದ ಆ ಬಟ್ಟುಗಳು ಅಂದಿನಿಂದ ಸುಳ್ಳು ಹೇಳತೊಡಗಿದವು.

ಹಳೆಯ ಬೈಕಿನ ಕಥೆಯೂ ಇದೇ. ಕಾರ್ಖಾನೆಯ ಮೂಲ ಬಣ್ಣ, ಎಂಜಿನ್ನಿನ ಮೇಲೆ ಒತ್ತಿದ ಅಂಕಿಗಳು, ಸವೆದ ಪೆಡಲು, ಇವು ಅದರ ಸಾಕ್ಷ್ಯ. ಉಜ್ಜಿ ಹೊಳೆಯಿಸುವ ಅವಸರದಲ್ಲಿ ಅಳಿಸಿಹೋದರೆ ಉಳಿಯುವುದು ಹಳೆಯ ಹೆಸರಿನ ಹೊಸ ವಸ್ತು ಮಾತ್ರ.

ಪೋಷಕರಿಗೊಂದು ಮಾತು. ಮಗ ಅಥವಾ ಮಗಳು ಕೆಟ್ಟ ಸೈಕಲ್ಲನ್ನೋ ಗಡಿಯಾರವನ್ನೋ ಬಿಚ್ಚಿ ಕುಳಿತಿದ್ದರೆ ಗದರಿಸಬೇಡಿ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಸ್ಕ್ರೂಗಳನ್ನು ಹಾಕಿಡಲು ಒಂದು ಖಾಲಿ ಡಬ್ಬಿ ಕೊಡಿ. ಜೋಡಿಸಲು ಒಂದು ತಿಂಗಳಾದರೂ ಹಿಡಿಯಲಿ.