ಸಂಪಾದಕರ ಮಾತು: ಹೆಣಿಗೆಯ ಮುದುಕಿಯೂ ಹಳ್ಳಿಯ ಕೊಲೆಯೂ

ಸಾಹಿತ್ಯ ಪತ್ರಿಕೆಯೊಂದು ಪತ್ತೇದಾರಿ ಕಥೆಯ ಗೊಡವೆಗೆ ಹೋಗುವುದು ಉಚಿತವೇ ಎಂದು ಹುಬ್ಬುಗಂಟಿಕ್ಕುವ ಹಿರಿಯರು ಮಧ್ಯಾಹ್ನ ಊಟವಾದ ಮೇಲೆ ದಿಂಬಿಗೊರಗಿ ಯಾವ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆಂಬುದನ್ನು ಅವರ ಮನೆಯವರನ್ನು ಕೇಳಿಯೇ ತಿಳಿಯಬೇಕು. ನಮ್ಮ ಮಟ್ಟಿಗೆ ಹೇಳುವುದಾದರೆ, ಅಗಾಥಾ ಕ್ರಿಸ್ಟಿಯ ಕಾದಂಬರಿಗಳನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುತ್ತಿದ್ದ ವಯಸ್ಸು ಕಳೆದು, ಅವನ್ನು ಬಹಿರಂಗವಾಗಿ ಓದುವ ವಯಸ್ಸನ್ನು ಮುಟ್ಟಿದ್ದೇವೆ; ಆದಕಾರಣ ಈ ಸಲದ ನಾಲ್ಕು ಮಾತು ಮಿಸ್ ಮಾರ್ಪಲ್ ಎಂಬ ಅವಿವಾಹಿತ ವೃದ್ಧೆಯನ್ನು ಕುರಿತದ್ದು.

1927ರ ಡಿಸೆಂಬರಿನಲ್ಲಿ ಒಂದು ಸಣ್ಣಕಥೆಯ ಮೂಲಕ ಇಂಗ್ಲೆಂಡಿನ ಓದುಗರೆದುರಿಗೆ ಬಂದು, 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯಿಂದ ನೆಲೆಯೂರಿದ ಈಕೆ ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ನಿವಾಸಿ. ಪಾದ್ರಿ, ವೈದ್ಯ, ನಿವೃತ್ತ ಕರ್ನಲ್, ಸಂಜೆಯ ಚಹಾ, ಗುಲಾಬಿಯ ಪಾತಿ, ಇವೆಲ್ಲದರ ನಡುವೆ ಒಂದು ಹೆಣ, ಆ ಹೆಣದ ಸುತ್ತ ಸಲ್ಲದವನ ಮೇಲೆ ಗುಮಾನಿಯಿಟ್ಟು ಓಡಾಡುವ ಇನ್ಸ್‌ಪೆಕ್ಟರು: ಈ ಸಾಮಗ್ರಿ ಎಷ್ಟು ಬಳಸಿ ಸವೆದಿತ್ತೆಂದರೆ, 1942ರಲ್ಲಿ ‘ದಿ ಬಾಡಿ ಇನ್ ದಿ ಲೈಬ್ರರಿ’ಯನ್ನು ಪ್ರಕಟಿಸಿದಾಗ ಲೇಖಕಿ ಆ ಸವಕಲು ನಾಣ್ಯವನ್ನು ಬೇಕೆಂದೇ ಕೈಗೆತ್ತಿಕೊಂಡು, ಅತ್ಯಂತ ಸಂಪ್ರದಾಯಸ್ಥವಾದ ಕೋಣೆಯೊಳಗೆ ಅಲ್ಲಿಗೆ ಅತ್ಯಂತ ಅಸಂಗತವಾದ ಹೆಣವೊಂದನ್ನು ತಂದು ಮಲಗಿಸಿದಳು. ಅದಕ್ಕೂ ಮೊದಲೇ, 1929ರಲ್ಲಿ, ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಈ ಪ್ರಕಾರಕ್ಕೆ ಹತ್ತು ಕಟ್ಟಳೆಗಳನ್ನು ವಿಧಿಸಿಬಿಟ್ಟಿದ್ದ. ಅದರಂತೆ ಕಥೆಗೊಂದು ಗುಪ್ತಮಾರ್ಗಕ್ಕೆ ಮಾತ್ರ ಅಪ್ಪಣೆ, ಎರಡಾದರೆ ಅಧರ್ಮ!

ಕಟ್ಟಳೆಗಳ ಮಾತು ಅಷ್ಟು ಸಾಕು. ನಮಗೆ ಕುತೂಹಲವಾಗಿರುವುದು ಮುದುಕಿಯ ವಿಧಾನ. ಸೂಕ್ಷ್ಮದರ್ಶಕವಿಲ್ಲ, ರಾಸಾಯನಿಕ ಪರೀಕ್ಷೆಯಿಲ್ಲ, ವೇಷಾಂತರವಂತೂ ಇಲ್ಲವೇ ಇಲ್ಲ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಪತ್ತೇದಾರಿಕೆಯೇ ವೃತ್ತಿ. ಈಕೆಗಾದರೋ ಮಡಿಲಲ್ಲಿ ಉಣ್ಣೆಯ ಉಂಡೆ, ಕಿಟಕಿಯಾಚೆಗೆ ಬೀದಿ, ಹಕ್ಕಿಗಳನ್ನು ನೋಡುವ ನೆಪಕ್ಕೊಂದು ದುರ್ಬೀನು, ಇಷ್ಟೇ ಬಂಡವಾಳ. ದೊಡ್ಡ ಮನೆಯ ಶ್ರೀಮಂತನೊಬ್ಬ ಸುಳ್ಳು ಹೇಳುತ್ತಿರುವಾಗ ಈಕೆಗೆ ನೆನಪಾಗುವುದು ಎಂದೋ ತನ್ನೂರಿನಲ್ಲಿ ಇಂಥದೇ ಮುಖಭಾವದಿಂದ ಚಿಲ್ಲರೆ ವಂಚನೆ ಮಾಡಿ ಸಿಕ್ಕಿಬಿದ್ದ ಹುಡುಗ. ಲೋಕವು ಯಾವುದನ್ನು ಮುದುಕಿಯರ ಹರಟೆಯೆಂದು ತಳ್ಳಿಹಾಕುತ್ತದೆಯೋ, ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು, ಯಾರು ಯಾರೊಡನೆ ಮಾತು ಬಿಟ್ಟರು ಎಂಬ ಆ ಕ್ಷುದ್ರವೃತ್ತಾಂತವೆಲ್ಲವನ್ನೂ ಕೂಡಿಟ್ಟು, ಹೋಲಿಸಿ, ತೂಗಿ, ಹೊತ್ತು ಬಂದಾಗ ಸಾಕ್ಷ್ಯವಾಗಿ ಮುಂದಿಡುವ ಸ್ಮೃತಿಯೇ ಇಲ್ಲಿ ಶಾಸ್ತ್ರ. ಜಗಲಿಯ ಮೇಲೆ ಬತ್ತಿ ಹೊಸೆಯುತ್ತಲೇ ಇಡೀ ಕೇರಿಯ ಜಾತಕವನ್ನು ಬಲ್ಲ ಅಜ್ಜಿಯರ ಕೈಯಲ್ಲಿ ಬೆಳೆದ ನಮ್ಮಂಥವರಿಗೆ ಈ ಶಾಸ್ತ್ರದಲ್ಲಿ ನಂಬುಗೆ ಹುಟ್ಟುವುದು ಕಷ್ಟವಲ್ಲ.

ಆಂಗ್ಲರು ಈ ಬಗೆಯ ಕಾದಂಬರಿಗೆ ಇಟ್ಟಿರುವ ಹೆಸರಿನ ಅರ್ಥ ‘ಬೆಚ್ಚನೆಯದು’ ಎಂದು. ರಕ್ತ ಕಾಣದು, ನರಳಾಟ ಕೇಳಿಸದು, ಕಂಬಳಿ ಹೊದ್ದು ಓದಬಹುದು ಎಂಬುದು ಅದರ ತಾತ್ಪರ್ಯವಾಗಿರಬೇಕು. ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. 1953ರ ‘ಎ ಪಾಕೆಟ್ ಫುಲ್ ಆಫ್ ರೈ’ಯನ್ನೇ ನೋಡಿ. ಮನೆಯ ಯಜಮಾನ ಯೂ ಮರದಲ್ಲಿರುವ ಟ್ಯಾಕ್ಸಿನ್ ಎಂಬ ವಿಷದಿಂದ ಸಾಯುತ್ತಾನೆ. ಅವನ ಜೇಬಿನಲ್ಲಿ ಹಿಡಿ ರೈ ಕಾಳು. ಮೊದಲ ಮಹಾಯುದ್ಧದ ಕಾಲದಲ್ಲಿ ಟಾರ್ಕೀ ಊರಿನ ಆಸ್ಪತ್ರೆಯ ಔಷಧಶಾಲೆಯಲ್ಲಿ ದುಡಿದಿದ್ದ ಕ್ರಿಸ್ಟಿಗೆ ವಿಷಗಳು ಸೀಸೆಯ ಚೀಟಿಯಷ್ಟು ಪರಿಚಿತ. ಆದರೆ ನಮ್ಮನ್ನು ತಡೆದು ನಿಲ್ಲಿಸುವ ಸಾವು ಅದಲ್ಲ. ಆ ಮನೆಯ ಕೆಲಸದ ಹುಡುಗಿ ಗ್ಲ್ಯಾಡಿಸ್, ಅನಾಥಾಲಯದಲ್ಲಿ ಬೆಳೆದವಳು, ಬುದ್ಧಿಯಲ್ಲಿ ಮಂದ, ಯಾರಾದರೂ ಒಬ್ಬ ಗಂಡಸು ತನ್ನನ್ನು ಮೆಚ್ಚಲಿ ಎಂದು ಹಂಬಲಿಸುವವಳು. ಒಣಗಿದ ಬಟ್ಟೆ ತೆಗೆಯುವ ಜಾಗದಲ್ಲಿ ಅವಳ ಕತ್ತು ಬಿಗಿದು ಕೊಂದದ್ದು ಸಾಲದೆಂಬಂತೆ, ಕೊಲೆಗಾರ ಒಂದು ಬಾಲಗೀತೆಯ ಲೆಕ್ಕವನ್ನು ಸರಿದೂಗಿಸಲೆಂದು ಅವಳ ಮೂಗಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ಹೋಗಿದ್ದಾನೆ.

ಆ ಕ್ಲಿಪ್ಪೇ ಮುದುಕಿಯನ್ನು ರೈಲು ಹತ್ತಿಸುತ್ತದೆ. ಏಕೆಂದರೆ ಆ ಹುಡುಗಿಗೆ ಮನೆಗೆಲಸ ಕಲಿಸಿದವಳು ಆಕೆಯೇ. ಕೊಂದುದಕ್ಕಿಂತ ಹೆಚ್ಚಾಗಿ, ಸತ್ತವಳನ್ನು ಹಾಸ್ಯದ ವಸ್ತುವಾಗಿಸಿದ ಆ ತಾತ್ಸಾರವೇ ಆಕೆಗೆ ಅಸಹ್ಯ. ಇಂಥ ಕಾದಂಬರಿಗಳಲ್ಲಿ ಸೇವಕವರ್ಗದವರು ಎರಡನೆಯ ಹೆಣವಾಗುವುದಕ್ಕಷ್ಟೇ ಹುಟ್ಟಿದಂತಿರುತ್ತಾರೆಂಬ ಆಕ್ಷೇಪವುಂಟು, ಆಕ್ಷೇಪ ಸರಿ. ಕ್ರಿಸ್ಟಿಯೂ ಅದಕ್ಕೆ ಹೊರತಲ್ಲ. ಆದರೆ ಈ ಒಂದು ಪುಸ್ತಕದಲ್ಲಿ ಆ ರೂಢಿಯ ಕ್ರೌರ್ಯ ಆಕೆಯ ಕಣ್ಣಿಗೆ ಬಿದ್ದಂತಿದೆ.

ಬೆಚ್ಚನೆಯದೆಂಬ ಮಾತಿಗೆ ಇನ್ನೊಂದು ಆತಂಕವೂ ಉಂಟು. ಬ್ರಿಟನ್ನಿನಲ್ಲಿ ಕೊಲೆಗೆ ಗಲ್ಲುಶಿಕ್ಷೆ ನಿಂತುದು 1965ರಲ್ಲಿ. ಎಂದರೆ ಅದಕ್ಕೆ ಹಿಂದಿನ ಈ ಎಲ್ಲ ಸೌಮ್ಯ ಕಥೆಗಳ ಕೊನೆಯ ಪುಟದ ಆಚೆಗೆ, ನಾವು ಪುಸ್ತಕ ಮಡಚಿ ಕಾಫಿಗೆ ಏಳುವ ಹೊತ್ತಿಗೆ, ನೇಣುಗಂಬವೊಂದು ನಿಂತೇ ಇರುತ್ತಿತ್ತು. 1957ರಲ್ಲಿ ಶಾಸನವು ಅದರ ವ್ಯಾಪ್ತಿಯನ್ನು ಕುಗ್ಗಿಸಿದಾಗ, ಅದೇ ವರ್ಷದ ‘4.50 ಫ್ರಂ ಪ್ಯಾಡಿಂಗ್ಟನ್’ ಕಾದಂಬರಿಯ ಅಂತ್ಯದಲ್ಲಿ ನಮ್ಮ ಹೆಣಿಗೆಯ ವೃದ್ಧೆ ಸಂತೋಷಪಡುವುದಿಲ್ಲ. ಈ ಕೊಲೆಗಾರ ನೇಣಿಗೇರಲಿಲ್ಲವಲ್ಲ ಎಂದು ಮನಸಾರೆ ವಿಷಾದಿಸುತ್ತಾಳೆ.

ಇನ್ನು ಗ್ಲ್ಯಾಡಿಸಳ ಕಥೆ. ಎಲ್ಲ ಮುಗಿದು ಮಿಸ್ ಮಾರ್ಪಲ್ ತನ್ನೂರಿಗೆ ಮರಳಿದಾಗ ಆಕೆಗಾಗಿ ಒಂದು ಪತ್ರ ಕಾದಿರುತ್ತದೆ. ಬರೆದವಳು ಗ್ಲ್ಯಾಡಿಸ್, ಏನು ಮಾಡಲೆಂದು ತೋಚದೆ ತನ್ನ ಹಳೆಯ ಯಜಮಾನಿಯನ್ನು ಕೇಳಿಕೊಂಡಿದ್ದಾಳೆ. ಓದಿದ ವೃದ್ಧೆಗೆ ಮೊದಲು ಮರುಕ, ಬಳಿಕ ಕೋಪ, ಕಟ್ಟಕಡೆಗೆ ತನ್ನ ಊಹೆ ನಿಜವಾಯಿತೆಂಬ ವಿಜಯದ ಹಿಗ್ಗು, ಹೀಗೆ ಒಂದರ ಹಿಂದೊಂದು ಉಕ್ಕಿ ಬರುತ್ತವೆ. ಪತ್ರದೊಡನೆ ಒಂದು ಛಾಯಾಚಿತ್ರವೂ ಇದೆ. ಅದರಲ್ಲಿ ಹುಡುಗಿಯ ಪಕ್ಕದಲ್ಲಿ ನಿಂತಿರುವವನು ಯಾರೆಂಬುದನ್ನು ಪುಸ್ತಕವನ್ನಿನ್ನೂ ಓದದವರಿಗೆ ಹೇಳಿಬಿಡುವಷ್ಟು ನಿರ್ದಯರು ನಾವಲ್ಲ.